ವಾಲಗ ಕೇಳುತ್ತೆ, ಹೆಣ್ಣು ಗಂಡು ಕಾಣಲ್ಲ: ಲ್ಯಾಪ್‌ಟಾಪ್ ವಿಡಿಯೋ ಟಿವಿಲಿ ಓಡದೇ ಇದ್ರೆ ಏನ್ ಮಾಡೋದು

ಹೋದ್ ತಿಂಗ್ಳು ಮಂಡ್ಯಕ್ಕೆ ನಮ್ ಸೋದರತ್ತೆ ಮನೆಗ್ ಹೋಗಿದ್ದೆ, ಅವ್ರ ಮಗಳ ಮದುವೆ ವಿಡಿಯೋ ಪೆನ್‌ಡ್ರೈವಲ್ಲಿ ಬಂದಿತ್ತು, ಟಿವಿ ಆ ಫೈಲ್ ಓದ್ಲಿಲ್ಲ ಅಂತ ನನ್ ಲ್ಯಾಪ್‌ಟಾಪಿಗೆ ಹಾಕಿ ಎಚ್‌ಡಿಎಂಐ ಕೇಬಲ್ ಚುಚ್ಚಿದ್ವಿ. ಚಾಪೆ ಮೇಲೆ ಹದಿನೈದ್ ಜನ ಕೂತಿದಾರೆ. ಲ್ಯಾಪ್‌ಟಾಪಲ್ಲಿ ಚೆನ್ನಾಗ್ ಓಡ್ತಿದ್ದ ವಿಡಿಯೋನ ಟಿವಿ ಕಡೆ ಎಳೆದೆ ನೋಡಿ, ಪೂರ್ತಿ ಕಪ್ಪು, ಸೌಂಡ್ ಮಾತ್ರ ಬರ್ತಿದೆ. ಮಾವ ಸುಮ್ನಿರ್ತಾರಾ, "ಏನ್ಲಾ ಇದು, ವಾಲಗ ಕೇಳ್ತದೆ, ಹೆಣ್ಣು ಗಂಡು ಕಾಣಾಕಿಲ್ವಲ್ಲಾ" ಅಂದ್ರು. "ಒಸಿ ಇರಿ ಮಾವ" ಅಂತ ಕೂತೋನು ಎದ್ದಿದ್ದು ಮುಕ್ಕಾಲ್ ಗಂಟೆ ಆದ್ಮೇಲೆ. ಅವತ್ ಕಲ್ತಿದ್ದು, ಅದಕ್ ಮುಂಚೆ ಆಫೀಸ್ ಪ್ರೊಜೆಕ್ಟರ್ ಹತ್ರ ಒದ್ದಾಡಿ ಕಲ್ತಿದ್ದು ಎಲ್ಲಾ ಸೇರಿಸಿ ಬರೀತಿದೀನಿ, ಎಲ್ಲಾ ವಿಂಡೋಸ್ ಲೆಕ್ಕದಲ್ಲಿ.

ಮೊದ್ಲು ಒಂದ್ ವಿಷ್ಯ ಖಾತ್ರಿ ಮಾಡ್ಕೊಳಿ, ಟಿವಿಗೆ ಏನೂ ಬರ್ತಿಲ್ವಾ ಅಥವಾ ವಿಡಿಯೋ ಒಂದೇ ಬರ್ತಿಲ್ವಾ. ಮೌಸ್‌ನ ಟಿವಿ ಕಡೆ ಓಡ್ಸಿ, ಬಾಣ ಅಲ್ಲಿ ಕಂಡ್ರೆ ಕೇಬಲ್ ಸರಿಗಿದೆ ಅಂತ ಲೆಕ್ಕ. ಕಾಣ್ಲಿಲ್ಲ ಅಂದ್ರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ (ಟಿವಿನ ಎರಡ್ನೇ ಸ್ಕ್ರೀನ್ ಥರ ಬಳಸೋದು) ಆರ್ಸಿ, ಟಿವಿ ರಿಮೋಟಲ್ಲಿ ಸೋರ್ಸ್ ಎಚ್‌ಡಿಎಂಐ 1 ಇದ್ಯಾ 2 ಇದ್ಯಾ ನೋಡಿ (ನಾವು ಹತ್ ನಿಮಿಷ ಇದ್ರಲ್ಲೇ ಕಳೆದ್ವಿ, ಯಾರಿಗೂ ಹೇಳ್ಬೇಡಿ). ಟೈಪ್ ಸಿ ಪೋರ್ಟಿಂದ ಅಡಾಪ್ಟರ್ ಹಾಕೋರು ಗಮನಿಸಿ, ಎಲ್ಲಾ ಟೈಪ್ ಸಿ ಪೋರ್ಟಲ್ಲೂ ವಿಡಿಯೋ ಬರಲ್ಲ, ಕೆಲವು ಚಾರ್ಜಿಂಗಿಗೆ, ಫೈಲ್ ಕಾಪಿಗೆ ಮಾತ್ರ, ಅಂಥದ್ರಲ್ಲಿ ಎಷ್ಟ್ ಅಡಾಪ್ಟರ್ ಬದಲಾಯ್ಸಿದ್ರೂ ದುಡ್ಡು ದಂಡ.

ಮೌಸ್ ಕಾಣುತ್ತೆ, ವಿಡಿಯೋ ಮಾತ್ರ ಕಪ್ಪು ಅಂದ್ರೆ ವಿಡಿಯೋ ಓಡ್ತಿರೋ ಕಿಟಕಿನ ವಾಪಸ್ ಲ್ಯಾಪ್‌ಟಾಪ್ ಕಡೆ ಎಳೀರಿ. ಚಿತ್ರ ಬಂತಾ? ಹಂಗಾದ್ರೆ ಫೈಲಿಗೆ ಏನೂ ಆಗಿಲ್ಲ, ಸ್ಟುಡಿಯೋದೋರಿಗೆ ಫೋನ್ ಮಾಡಿ ಬೈಯೋಕ್ ಹೋಗ್ಬೇಡಿ. ಬಹಳಷ್ಟು ಸಲ ಆಗೋದ್ ಏನಂದ್ರೆ, ಪ್ಲೇಯರು ವಿಡಿಯೋ ಬಿಚ್ಚೋ ಕೆಲ್ಸನ ಗ್ರಾಫಿಕ್ಸ್ ಚಿಪ್ಪಿಗೆ ವಹಿಸಿರುತ್ತೆ, ಕೆಲವು ಲ್ಯಾಪ್‌ಟಾಪಲ್ಲಿ ಇಂಟೆಲ್ ಒಂದು ಎನ್‌ವಿಡಿಯಾ ಒಂದು ಅಂತ ಎರಡೆರಡು ಗ್ರಾಫಿಕ್ಸ್ ಇರುತ್ತೆ, ಲ್ಯಾಪ್‌ಟಾಪ್ ಸ್ಕ್ರೀನ್ ಒಂದಕ್ಕೆ ಎಚ್‌ಡಿಎಂಐ ಪೋರ್ಟ್ ಇನ್ನೊಂದಕ್ಕೆ ಸೇರಿದ್ರಂತೂ ಓಡ್ತಿರೋ ವಿಡಿಯೋನ ಮಧ್ಯದಲ್ಲಿ ಆ ಕಡೆ ಎಳೆದಾಗ ಚಿತ್ರ ದಾರಿ ತಪ್ಪುತ್ತೆ. ಅದಕ್ಕೆ ಪ್ಲೇಯರ್ ಪೂರ್ತಿ ಮುಚ್ಚಿ, ಮತ್ತೆ ತೆಗೆದು, ಖಾಲಿ ಕಿಟಕಿನೇ ಮೊದ್ಲು ಟಿವಿಗೆ ಕಳ್ಸಿ (ವಿಂಡೋಸ್, ಶಿಫ್ಟ್, ಬಲಗಡೆ ಬಾಣ ಮೂರೂ ಒಟ್ಟಿಗೆ), ಆಮೇಲೆ ಫೈಲ್ ಓಪನ್ ಮಾಡಿ.

ನಮ್ಗೆ ಇದ್ರಿಂದ ಅರ್ಧ ಸರಿಹೋಯ್ತು, ಆದ್ರೆ ಫುಲ್‌ಸ್ಕ್ರೀನ್ ಮಾಡಿದ್ ತಕ್ಷಣ ಮತ್ತೆ ಕಪ್ಪು. ನಾನ್ ಹಾಕಿದ್ದ ಪ್ಲೇಯರ್ ವಿಎಲ್‌ಸಿ, ಅದ್ರಲ್ಲಿ ಟೂಲ್ಸ್, ಪ್ರಿಫರೆನ್ಸಸ್, ವಿಡಿಯೋ ಅಂತ ಹೋಗಿ ಔಟ್‌ಪುಟ್ ಅನ್ನೋ ಕಡೆ ಆಟೋಮ್ಯಾಟಿಕ್ ಇದ್ದಿದ್ದನ್ನ ಓಪನ್‌ಜಿಎಲ್ ಮಾಡಿ ಸೇವ್ ಕೊಟ್ಟು ಪ್ಲೇಯರ್ ಮುಚ್ಚಿ ತೆಗೆದೆ, ಬಂತು. ಅದ್ರಲ್ಲೂ ಬರ್ಲಿಲ್ಲ ಅಂದ್ರೆ ಅಲ್ಲೇ ಇನ್‌ಪುಟ್ ಕೋಡೆಕ್ಸ್ ಅನ್ನೋದ್ರಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಗ್ರಾಫಿಕ್ಸ್ ಚಿಪ್ಪಿಂದ ವಿಡಿಯೋ ಬಿಚ್ಸೋದು) ಡಿಸೇಬಲ್ ಮಾಡಿ. ಕ್ರೋಮಲ್ಲಿ ಯೂಟ್ಯೂಬ್ ಹಿಂಗೇ ಕಪ್ಪಾದ್ರೆ ಸೆಟ್ಟಿಂಗ್ಸ್, ಸಿಸ್ಟಮ್ ಒಳಗೆ ಗ್ರಾಫಿಕ್ಸ್ ಆಕ್ಸಿಲರೇಷನ್ ಸ್ವಿಚ್ ಆಫ್ ಮಾಡಿ ರೀಲಾಂಚ್ ಕೊಡಿ. ಆದ್ರೆ ಇವೆರಡೂ ಮಾಡಿದ್ರೆ ಎಲ್ಲಾ ಭಾರ ಪ್ರೊಸೆಸರ್ ಮೇಲೆ ಬೀಳುತ್ತೆ, ಹಳೇ ಲ್ಯಾಪ್‌ಟಾಪ್ ಫ್ಯಾನು ರಾಗಿ ಮಿಲ್ ಥರ ಸದ್ದು ಮಾಡುತ್ತೆ, 4ಕೆ ವಿಡಿಯೋ ಆದ್ರೆ ತಡವರಿಸುತ್ತೆ, ಅದಕ್ಕೆ ಇದನ್ನ ಕೊನೇಗ್ ಇಟ್ಕೊಳಿ.

ಯೂಟ್ಯೂಬ್ ಸರಿ ಬರುತ್ತೆ, ದುಡ್ ಕೊಟ್ಟ ಒಟಿಟಿ ಸಿನಿಮಾ ಮಾತ್ರ ಕಪ್ಪು, ಸಬ್‌ಟೈಟಲ್ ಬೇಕಾದ್ರೆ ಕಾಣುತ್ತೆ ಅಂದ್ರೆ ಕತೆನೇ ಬೇರೆ. ಅದು ಎಚ್‌ಡಿಸಿಪಿ, ಕಾಪಿ ಮಾಡ್ಬಾರ್ದು ಅಂತ ಇಟ್ಟಿರೋ ಬೀಗ, ಕಂಪ್ಯೂಟರಿಂದ ಟಿವಿವರೆಗೆ ದಾರಿಲಿರೋ ಪ್ರತಿಯೊಂದಕ್ಕೂ ಅದು ಗೊತ್ತಿರ್ಬೇಕು. ಹಳೇ ವಿಜಿಎ ಪ್ರೊಜೆಕ್ಟರಿಗೆ ಅದು ಗೊತ್ತೇ ಇಲ್ಲ. ಮಧ್ಯದಲ್ಲಿರೋ ಸ್ಪ್ಲಿಟರ್ ಅಡಾಪ್ಟರ್ ಎಲ್ಲಾ ಕಿತ್ತು ಒಂದೇ ಎಚ್‌ಡಿಎಂಐ ಕೇಬಲ್ ನೇರವಾಗ್ ಹಾಕಿ ನೋಡಿ, ಡೂಪ್ಲಿಕೇಟಲ್ಲಿದ್ರೆ (ಎರಡೂ ಸ್ಕ್ರೀನಲ್ಲಿ ಒಂದೇ ಚಿತ್ರ) ಎಕ್ಸ್‌ಟೆಂಡ್ ಮಾಡಿ.

ಈಗ ಬಹಳ ಜನ ಗಮನಿಸದೇ ಇರೋ ತೊಂದ್ರೆ. ಚಿತ್ರ ಬಂತು, ಎಲ್ರೂ ಖುಷಿ, ಆದ್ರೆ ಕ್ಯಾಮೆರಾ ಮಂಟಪದಿಂದ ನಿಧಾನಕ್ಕೆ ಊಟದ ಪಂಕ್ತಿ ಕಡೆ ತಿರುಗ್ತಿದ್ರೆ ಚಿತ್ರ ಎತ್ತಿನ ಗಾಡಿ ಥರ ಕುಲುಕ್ತಿದೆ, ಎಲೆ ಮೇಲೆ ಬಡಿಸ್ತಿರೋರ ಕೈ ತಟಕ್ ತಟಕ್ ಅಂತ ಹೋಗ್ತಿದೆ. ಕೇಬಲ್ ತಪ್ಪಲ್ಲ ಇದು. ವಿಎಲ್‌ಸಿಲಿ ಕಂಟ್ರೋಲ್ ಜೊತೆ ಜೆ ಒತ್ತಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟ್ ಚಿತ್ರ ಅಂತ) ನೋಡಿದೆ, 25 ಇತ್ತು. ನಮ್ ಕಡೆ ಹಳೇ ಪಾಲ್ (ಸೆಕೆಂಡಿಗೆ 25 ಫ್ರೇಮ್ ಇರೋ ಟಿವಿ ಪದ್ಧತಿ) ಲೆಕ್ಕ ಇನ್ನೂ ಬಿಟ್ಟಿಲ್ಲ, ಮದುವೆ ವಿಡಿಯೋ 25 ಫ್ರೇಮಲ್ಲಿ ಇರೋದು ಮಾಮೂಲಿ. ವಿಂಡೋಸ್ ಟಿವಿಗೆ ಕಳಿಸ್ತಿದ್ದಿದ್ದು 60 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 60 ಸಲ. 60ನ 25ರಿಂದ ಭಾಗಿಸಿದ್ರೆ 2.4, ಒಂದ್ ಫ್ರೇಮ್ ಎರಡ್ ಸಲ, ಇನ್ನೊಂದ್ ಮೂರ್ ಸಲ ತೋರಿಸ್ಬೇಕಾಗುತ್ತೆ, ಕುಲುಕಾಟ ಅದೇ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಒಳಗೆ ಟಿವಿ ಆರಿಸ್ಕೊಂಡು ರಿಫ್ರೆಶ್ ರೇಟ್ 50 ಮಾಡಿ, ಪ್ರತಿ ಫ್ರೇಮೂ ಸರಿಯಾಗ್ ಎರಡೆರಡ್ ಸಲ, ಬೆಣ್ಣೆ ಥರ ಹೋಗುತ್ತೆ. ಅಲ್ಲೇ 30 ಅಂತ ಕಂಡ್ರೆ, ಎಚ್‌ಡಿಎಂಐ 1.4 ಪೋರ್ಟಲ್ಲಿ 4ಕೆ ಕಳಿಸ್ತಿದೀರ ಅಂತ ಇರ್ಬಹುದು, ಅದ್ರ ತಾಕತ್ತು ಅಲ್ಲಿ ಅಷ್ಟೇ, ರೆಸಲ್ಯೂಷನ್ 1080ಕ್ಕೆ ಇಳಿಸಿದ್ರೆ 50, 60 ಎರಡೂ ಸಿಗುತ್ತೆ.

ಉಳಿದಿದ್ದು ಚಿಲ್ರೆ. ಸೌಂಡ್ ಲ್ಯಾಪ್‌ಟಾಪಿಂದಾನೇ ಬರ್ತಿದ್ರೆ ಕೆಳಗಡೆ ಸ್ಪೀಕರ್ ಗುರ್ತು ಒತ್ತಿ ಟಿವಿ ಹೆಸ್ರು ಆರ್ಸಿ. ಅಂಚು ಕತ್ತರಿಸ್ದಂಗೆ ಕಂಡ್ರೆ ಅದು ಟಿವಿ ಸೆಟ್ಟಿಂಗು, ಪಿಕ್ಚರ್ ಸೈಜಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಅಂತ ಹುಡುಕಿ. ಎರಡೂ ಸ್ಕ್ರೀನ್ ಮಂಕಾಗಿ ನಿಂತ್ಬಿಟ್ರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ, ಗ್ರಾಫಿಕ್ಸ್ ಡ್ರೈವರ್ ರೀಸ್ಟಾರ್ಟ್ ಆಗುತ್ತೆ, ಫೈಲ್ ಏನೂ ಹೋಗಲ್ಲ. ಡ್ರೈವರ್ ಅಪ್‌ಡೇಟ್ ಮಾಡೋದಿದ್ರೆ ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಮಾಡಿ, ಆದ್ರೆ ಜನ ಕಾಯ್ತಾ ಕೂತಿರೋವಾಗ ಬೇಡ.

ನಮ್ಗೆ ಇನ್ನೊಂದ್ ಆಯ್ತು, ಧಾರೆ ಶುರುವಾಗೋ ಹೊತ್ತಿಗೆ ಕರೆಂಟ್ ಹೋಯ್ತು. ಟಿವಿ ಆಫ್ ಆಯ್ತು, ಲ್ಯಾಪ್‌ಟಾಪ್ ಬ್ಯಾಟರಿಲಿ ಓಡ್ತಾನೇ ಇತ್ತು, ಮಕ್ಳೆಲ್ಲಾ ಅದರ ಸುತ್ತ ಮುತ್ಕೊಂಡ್ವು. ವಿಂಡೋಸ್ 11ರಲ್ಲಿ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್ ಅಂತಿದೆ, ಅಲ್ಲಿ ಮಾನಿಟರ್ ಲೆಕ್ಕದಲ್ಲಿ ಕಿಟಕಿ ಜಾಗ ನೆನಪಿಟ್ಕೊಳೋ ಟಿಕ್ ಹಾಕಿಟ್ಟಿರಿ, ಕರೆಂಟ್ ಬಂದ್ಮೇಲೆ ಕಿಟಕಿ ತಾನಾಗೇ ಟಿವಿಗೆ ಹೋಗುತ್ತೆ. ನಮ್ದೂ ಹಂಗೇ ಹೋಯ್ತು, ಆದ್ರೆ ಅಷ್ಟೊತ್ತಿಗೆ ಧಾರೆ ಮುಗಿದು ಊಟಕ್ ಕೂತಿದ್ರು, ಮಾವ "ಇಂದಕ್ ಓಡ್ಸ್ಲಾ" ಅಂದ್ರು.