ಪ್ಯಾಡಲ್ ಶುರು ಮಾಡೋರು ಮೊದ್ಲು ಗ್ಲಾಸ್ ಜೊತೆ ದೋಸ್ತಿ ಮಾಡ್ಕೊಳಿ: ನನ್ನ ಅನುಭವ

ಪ್ಯಾಡಲ್ ಅಂದ್ರೆ ಗ್ಲಾಸ್ ಗೋಡೆ, ತಂತಿ ಜಾಲರಿ ಸುತ್ತ ಇರೋ ಕೋರ್ಟ್‌ನಲ್ಲಿ ಆಡೋ ಟೆನಿಸ್ ಥರದ ರಾಕೆಟ್ ಆಟ. ಬೆಂಗ್ಳೂರಲ್ಲಿ ಈಗ ಇದರ ಕೋರ್ಟ್‌ಗಳು ಜಾಸ್ತಿ ಆಗ್ತಿವೆ, ಆಫೀಸ್ ಫ್ರೆಂಡ್ಸ್ ಜೊತೆ ನಾನೂ ಶುರು ಮಾಡ್ದೆ, ಅದಕ್ಕೆ ಮುಂಚೆ ವರ್ಷಗಟ್ಲೆ ಆಡಿದ್ದು ಶಟಲ್ ಮಾತ್ರ. ರೂಲ್ಸ್ ಬೇಗ ತಲೆಗೆ ಹೋಗುತ್ತೆ: 20 ಮೀಟರ್ ಉದ್ದ 10 ಮೀಟರ್ ಅಗಲದ ಕೋರ್ಟ್, ನಾಲ್ಕು ಜನ, ಸ್ಕೋರ್ ಟೆನಿಸ್ ಥರಾನೇ, ಸರ್ವ್ ಮಾಡೋವಾಗ ಬಾಲ್ ನೆಲಕ್ಕೆ ಪುಟಿಸಿ ಸೊಂಟದ ಮಟ್ಟ ದಾಟದಂಗೆ ಹೊಡಿಬೇಕು.

ಕಲಿಯೋದು ಇರೋದೆಲ್ಲ ಹಿಂದಿನ ಗ್ಲಾಸ್‌ನಲ್ಲಿ. 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕುಯೆರಾ ಅನ್ನೋರು ತಮ್ಮ ಮನೇಲೇ ಈ ಆಟ ಶುರು ಮಾಡ್ದಾಗ್ಲೇ ಗೋಡೆ ಆಟದ ಭಾಗ ಆಗಿತ್ತು. ಶಟಲ್‌ನಲ್ಲಿ ಕಾಕ್ ನೆಲ ಮುಟ್ಟಿದ್ರೆ ಪಾಯಿಂಟ್ ಹೋಯ್ತು, ಇಲ್ಲಿ ಬಾಲ್ ಒಂದ್ಸಲ ಪುಟಿದು ನಮ್ಮನ್ನ ದಾಟಿ ಗ್ಲಾಸ್‌ಗೆ ಬಡಿದು ವಾಪಸ್ ಬರೋ ತನಕ ಕಾಯೋದಕ್ಕೆ ಧೈರ್ಯ ಬೇಕು. ಹಂಗೆ ಕಾಯೋದನ್ನ ಕಲಿಸೋಕೆ ಕೋಚ್ ನನ್ ಕೈಯಿಂದ ರಾಕೆಟ್ ತಗೊಂಡ್ಬಿಟ್ರು. ಅವ್ರು ಬಾಲ್ ಎಸಿಯೋದು, ಅದು ಗ್ಲಾಸ್‌ಗೆ ತಾಗಿ ಬಂದಾಗ ನಾನು ಅದ್ರ ಜೊತೇಲೇ ಹೆಜ್ಜೆ ಹಾಕಿ ನನ್ ಮುಂದೆ ಬಂದ್ಮೇಲೆ ಕೈಯಲ್ಲಿ ಹಿಡಿಯೋದು, ಇಷ್ಟೇ. ಆಮೇಲೆ ರಾಕೆಟ್ ಕೊಟ್ಟಾಗ ಕಾಲು ತಾನಾಗೇ ಸರಿ ಜಾಗಕ್ಕೆ ಹೋಗ್ತಿತ್ತು, ನಿಜಕ್ಕೂ ಖುಷಿ ಆಯ್ತು!

ನೀವು ಗಮನಿಸ್ಬೇಕಾಗಿದ್ದು ಬಾಲ್ ಎಲ್ಲಿ ಪುಟಿಯುತ್ತೆ ಅನ್ನೋದನ್ನ. ಜೋರಾಗಿ ಬಂದು ಸರ್ವೀಸ್ ಲೈನ್ (ನೆಟ್‌ಗೂ ಹಿಂದಿನ ಗ್ಲಾಸ್‌ಗೂ ನಡುವೆ ಇರೋ ಗೆರೆ) ಹತ್ರ ಪುಟಿದ್ರೆ ಗ್ಲಾಸ್‌ನಿಂದ ದೂರ ಹೊರಗೆ ಬರುತ್ತೆ, ಗ್ಲಾಸ್ ಬುಡದಲ್ಲಿ ಪುಟಿದ್ರೆ ಅಲ್ಲೇ ಹತ್ರ ಉಳಿಯುತ್ತೆ. ಬಾಲ್ ದಾಟೋವಾಗ್ಲೇ ಮೈ ಪಕ್ಕಕ್ಕೆ ತಿರುಗಿಸಿ, ಮಂಡಿ ಬಗ್ಗಿಸಿ, ರಾಕೆಟ್ ಕೆಳಗೆ ರೆಡಿ ಇಟ್ಕೊಳಿ. ಮೆಶ್ ಅಂದ್ರೆ ತಂತಿ ಜಾಲರಿ ಕಡೆ ಹೋಗೋ ಬಾಲ್‌ಗೆ ಮಾತ್ರ ಕಾಯ್ಬೇಡಿ, ಅದು ಎತ್ತ ಬೇಕಾದ್ರೂ ತಿರುಗುತ್ತೆ, ಮುಂಚೇನೇ ತಗೊಳಿ.

ಗ್ಲಾಸ್‌ನಿಂದ ಬಂದಿದ್ದನ್ನ ಜೋರಾಗಿ ಹೊಡೆಯೋಕಿಂತ ಎತ್ತರಕ್ಕೆ ಲಾಬ್ ಮಾಡಿ, ಎದುರು ಟೀಮ್ ಹಿಂದೆ ಓಡುತ್ತೆ, ಆ ಗ್ಯಾಪ್‌ನಲ್ಲಿ ನಿಮ್ ಪಾರ್ಟ್ನರ್ ಜೊತೆ ಇಬ್ರೂ ನೆಟ್‌ಗೆ ಹೋಗಿ. ಪಾಯಿಂಟ್ ಜಾಸ್ತಿ ಸಿಗೋದು ನೆಟ್ ಹತ್ರಾನೇ. ಅಲ್ಲಿ ನಿಂತಾಗ ತಲೆ ಮೇಲೆ ಬಂದ ಬಾಲ್‌ನ ಶಟಲ್ ಥರ ಸ್ಮ್ಯಾಶ್ ಮಾಡಿದ್ರೆ ಅದು ಅವ್ರ ಗ್ಲಾಸ್‌ಗೆ ಬಡಿದು ಅವ್ರಿಗೇ ಸಲೀಸಾಗಿ ಸಿಗುತ್ತೆ, ಅದಕ್ಕೆ ಬಂದೇಹಾ ಅನ್ನೋ ಸ್ಲೈಸ್ ಶಾಟ್ ಕಲೀರಿ, ಗ್ಲಾಸ್‌ಗೆ ತಾಗಿದ್ಮೇಲೆ ಬಾಲ್ ಏಳೋದೇ ಇಲ್ಲ.

ರಾಕೆಟ್ ದುಂಡಗಿನ ಶೇಪ್ ತಗೊಳಿ, ಕಂಟ್ರೋಲ್ ಸುಲಭ, ಮಣಿಕಟ್ಟಿನ ಸ್ಟ್ರಾಪ್ ಹಾಕ್ಲೇಬೇಕು. ಮರಳು ಹಾಕಿರೋ ಟರ್ಫ್ ಮೇಲೆ ರನ್ನಿಂಗ್ ಶೂ ಜಾರುತ್ತೆ, ಕೋರ್ಟ್ ಶೂ ಬೇಕು. ನಾನೀಗ ಮೂಲೇಲಿ ಎರಡು ಗ್ಲಾಸ್‌ಗೂ ತಾಗಿ ಬರೋ ಬಾಲ್ ಪ್ರಾಕ್ಟೀಸ್ ಮಾಡ್ತಿದೀನಿ, ಅದಕ್ಕೆ ಬಾಲ್ ಜೊತೆ ಮೈ ಪೂರ್ತಿ ಸುತ್ತಿಸ್ಬೇಕು, ಯಾರಾದ್ರೂ ಕೈಯಲ್ಲಿ ಎಸೆದು ಕೊಡೋರಿದ್ರೆ ಬೇಗ ಬರುತ್ತೆ.