ಮ್ಯೂಸಿಕ್ ಪ್ಲೇಯರ್ ಹ್ಯಾಂಗ್ ಆಯ್ತೇ? ಫಾರ್ಮ್ಯಾಟ್ ಮಾಡುವ ಮುಂಚೆ ಇದನ್ನು ಓದಿ

ಹಾಡು ಅರ್ಧಕ್ಕೇ ನಿಂತಿದೆ. ಪರದೆ ಮೇಲೆ ಅದೇ ಹೆಸರು ಹಾಗೇ ಇದೆ. ಯಾವ ಬಟನ್ ಒತ್ತಿದರೂ ಉತ್ತರವಿಲ್ಲ. ಇಂಥ ಹೊತ್ತಲ್ಲಿ ಕೆಲವರು ನೇರವಾಗಿ ಫಾರ್ಮ್ಯಾಟ್‌ಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ಕೂಡಿಟ್ಟ ಹಾಡುಗಳು ಸುಮ್ನೆ ಹೋಗಿಬಿಡುತ್ತವೆ. ಅವುಗಳಿಗೆ ಏನೂ ಆಗದಂತೆ ಪ್ಲೇಯರನ್ನು ಎಬ್ಬಿಸುವ ದಾರಿಗಳು ಇವೆ. ಸುಲಭವಾದದ್ದರಿಂದ ಶುರು ಮಾಡಿ.

ಮೊದಲು ಹೋಲ್ಡ್ ಸ್ವಿಚ್ ನೋಡಿ. ಜೇಬಿನಲ್ಲಿ ಬಟನ್ ತಾನಾಗಿ ಒತ್ತಿಕೊಳ್ಳದಿರಲಿ ಎಂದು ಇಟ್ಟಿರುವ ಬೀಗ ಇದು. ಐಪಾಡ್ ಕ್ಲಾಸಿಕ್‌ನಲ್ಲಿ ಮೇಲಂಚಿನಲ್ಲಿದೆ. ಅಲ್ಲಿ ಕಿತ್ತಳೆ ಬಣ್ಣ ಕಂಡರೆ ಬೀಗ ಬಿದ್ದಿದೆ ಎಂದರ್ಥ. ಹಾಡು ಓಡುತ್ತಲೇ ಇದೆ, ಬಟನ್ ಮಾತ್ರ ಕೆಲಸ ಮಾಡುತ್ತಿಲ್ಲ ಅಂದರೆ ಅದು ಹ್ಯಾಂಗ್ ಅಲ್ಲದೇ ಇರಬಹುದು. ಹೋಲ್ಡ್ ಬಿದ್ದಿರುವ ಸಾಧ್ಯತೆಯೇ ಜಾಸ್ತಿ.

ಬಟನ್‌ಗಳ ಸ್ವಭಾವವನ್ನೂ ತಿಳಿದಿರಬೇಕು. ಒಂದೇ ಬಟನ್ ಎರಡು ಕೆಲಸ ಮಾಡುತ್ತದೆ. ಮುಂದಿನ ಹಾಡಿನ ಬಟನ್ ತಟ್ಟಿದರೆ ಹಾಡು ಬದಲಾಗುತ್ತದೆ, ಒತ್ತಿ ಹಿಡಿದರೆ ಅದೇ ಹಾಡು ವೇಗವಾಗಿ ಮುಂದಕ್ಕೆ ಓಡುತ್ತದೆ. ಕ್ಲಿಕ್ ವೀಲ್ (ಮುಂಭಾಗದ ದುಂಡು ಚಕ್ರ) ಇರುವ ಐಪಾಡ್‌ನಲ್ಲಿ ಪ್ಲೇ ಬಟನ್ ಒತ್ತಿ ಹಿಡಿದರೆ ಪ್ಲೇಯರ್ ಆಫ್ ಆಗುತ್ತದೆ. ಆ ಚಕ್ರ ಬೆರಳಿನ ಸ್ಪರ್ಶದಿಂದ ನಡೆಯುವಂಥದ್ದು. ಬೆರಳು ಒದ್ದೆಯಿದ್ದರೆ ಅಥವಾ ಕೈಗವಸು ಹಾಕಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಡು ತಾನಾಗಿ ನಿಂತು ನಿಂತು ಓಡುತ್ತಿದ್ದರೆ ಇಯರ್‌ಫೋನ್ ಕಳಚಿ ನೋಡಿ. ಅದರ ವೈರ್‌ನಲ್ಲಿರುವ ಬಟನ್ ಸಿಕ್ಕಿಹಾಕಿಕೊಂಡಿರಬಹುದು.

ಪರದೆ ಪೂರ್ತಿ ಕಪ್ಪಾಗಿದೆಯೇ? ಚಾರ್ಜರ್‌ಗೆ ಹಾಕಿ ಅರ್ಧ ಗಂಟೆ ಬಿಡಿ. ಬ್ಯಾಟರಿ ಪೂರಾ ಖಾಲಿಯಾಗಿದ್ದರೆ ಪರದೆ ಬೆಳಗಲು ಅಷ್ಟು ಹೊತ್ತು ಬೇಕಾಗುತ್ತದೆ. ಆಗಲೂ ಏಳದಿದ್ದರೆ ಕೇಬಲ್ ಬದಲಿಸಿ ನೋಡಿ.

ಇಷ್ಟಾದರೂ ಸರಿಹೋಗದಿದ್ದರೆ ರೀಸೆಟ್, ಅಂದರೆ ಪ್ಲೇಯರನ್ನು ಬಲವಂತವಾಗಿ ಹೊಸದಾಗಿ ಶುರು ಮಾಡಿಸುವುದು. ಐಪಾಡ್ ಕ್ಲಾಸಿಕ್‌ನಲ್ಲಿ ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆಯಿರಿ. ಆಮೇಲೆ ಮೆನು ಮತ್ತು ನಡುವಿನ ಬಟನ್ ಎರಡನ್ನೂ ಒಟ್ಟಿಗೆ 6ರಿಂದ 8 ಸೆಕೆಂಡ್ ಒತ್ತಿ ಹಿಡಿಯಿರಿ. ಆಪಲ್ ಚಿಹ್ನೆ ಕಂಡ ಮೇಲೆಯೇ ಬೆರಳು ತೆಗೆಯಿರಿ. ಏಳನೇ ತಲೆಮಾರಿನ ಐಪಾಡ್ ನ್ಯಾನೋದಲ್ಲಿ ಮೇಲಿನ ಪವರ್ ಬಟನ್ ಮತ್ತು ಹೋಮ್ ಬಟನ್ ಹೀಗೆ ಹಿಡಿಯಬೇಕು. ಐಪಾಡ್ ಶಫಲ್ ಆದರೆ ಆಫ್ ಮಾಡಿ, 10 ಸೆಕೆಂಡ್ ಬಿಟ್ಟು ಮತ್ತೆ ಆನ್ ಮಾಡಿದರೆ ಸಾಕು. ಸ್ಯಾನ್‌ಡಿಸ್ಕ್ ಕ್ಲಿಪ್‌ನಲ್ಲಿ ಪವರ್ ಬಟನ್ 20 ಸೆಕೆಂಡ್ ಹಿಡಿಯಿರಿ. ಸೋನಿ ವಾಕ್‌ಮನ್‌ನ ಕೆಲವು ಮಾದರಿಗಳಲ್ಲಿ ಸಣ್ಣ ತೂತಿನೊಳಗೆ ರೀಸೆಟ್ ಬಟನ್ ಇದೆ, ಪಿನ್‌ನಿಂದ ಮೆಲ್ಲಗೆ ಒತ್ತಬೇಕು. ಇವು ಯಾವುದರಿಂದಲೂ ಹಾಡು ಅಳಿಸಿಹೋಗುವುದಿಲ್ಲ. ಆದರೆ ಕಂಪ್ಯೂಟರಿನಿಂದ ಹಾಡು ಕಾಪಿ ಆಗುತ್ತಿರುವಾಗ ಮಾತ್ರ ರೀಸೆಟ್ ಬೇಡ, ಫೈಲ್ ಕೆಟ್ಟುಹೋಗುತ್ತದೆ.

ರೀಸೆಟ್ ಆದ ಮೇಲೂ ಮತ್ತೆ ಮತ್ತೆ ಹ್ಯಾಂಗ್ ಆಗುತ್ತಿದ್ದರೆ, ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಪ್ರತಿ ಸಲ ಅದೇ ಹಾಡಿನಲ್ಲಿ ನಿಂತರೆ ತಪ್ಪು ಆ ಫೈಲಿನದು. ಅಳಿಸಿ ಹೊಸದಾಗಿ ಹಾಕಿ. ಮೆಮೊರಿ ಕಾರ್ಡ್ ಇದ್ದರೆ ತೆಗೆದು ಆನ್ ಮಾಡಿ. ಆಗ ಚೆನ್ನಾಗಿ ನಡೆದರೆ ಕಾರ್ಡಿನಲ್ಲೇ ತೊಂದರೆ ಇದೆ. ಕಂಪ್ಯೂಟರಿನಿಂದ ತೆಗೆಯುವಾಗ ಇಜೆಕ್ಟ್ ಕೊಡದೆ ಕೇಬಲ್ ಎಳೆಯುವವರಿಗೆ ಈ ಎರಡು ತೊಂದರೆಗಳೂ ಬರಬಹುದು.

ಒಂದು ಎಚ್ಚರಿಕೆ. ಪ್ಲೇಯರಿನ ಹಿಂಬದಿ ಉಬ್ಬಿದ್ದರೆ ಇದರಲ್ಲಿ ಯಾವುದನ್ನೂ ಮಾಡಬೇಡಿ. ಬ್ಯಾಟರಿ ಊದಿರುತ್ತದೆ. ಚಾರ್ಜ್ ಮಾಡದೆ, ಒತ್ತದೆ, ರಿಪೇರಿಯವರಿಗೆ ಕೊಡಿ. ಹಾರ್ಡ್ ಡಿಸ್ಕ್ ಇರುವ ಹಳೆ ಐಪಾಡ್‌ನಿಂದ ಟಕ್ ಟಕ್ ಸದ್ದು ಬಿಡದೆ ಬರುತ್ತಿದ್ದರೆ ಡಿಸ್ಕ್ ಹಾಳಾಗುತ್ತಿರಬಹುದು. ಇನ್ನೂ ಆನ್ ಆಗುತ್ತಿರುವಾಗಲೇ ಹಾಡುಗಳನ್ನು ಉಳಿಸಿಕೊಳ್ಳಿ.

ರಿಸ್ಟೋರ್ (ಎಲ್ಲ ಅಳಿಸಿ ಪ್ಲೇಯರನ್ನು ಮೊದಲಿನಂತೆ ಮಾಡುವುದು) ಅಥವಾ ಫಾರ್ಮ್ಯಾಟ್ ಕಟ್ಟಕಡೆಗೆ. ಎಲ್ಲವೂ ಅಳಿಯುವುದರಿಂದ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಹಾಡುಗಳನ್ನು ಒಂದೇ ಸಲಕ್ಕೆ ತುಂಬಬೇಡಿ. ಸ್ವಲ್ಪ ಸ್ವಲ್ಪ ಹಾಕಿ, ಕೇಳಿ ನೋಡಿ, ಮುಂದಿನದನ್ನು ಹಾಕಿ. ಕೆಟ್ಟ ಫೈಲ್ ಇನ್ನೂ ಉಳಿದಿದ್ದರೆ ಯಾವ ಕಂತಿನಲ್ಲಿದೆ ಎಂದು ಬೇಗ ಸಿಗುತ್ತದೆ.