ಅರವತ್ತರ ತೋಳಿಗೆ ಕಾಂಪೊಸಿಟ್ ಬ್ಯಾಟ್: ಆರಿಸುವುದು ಹೇಗೆ?

ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1930ರಲ್ಲಿ ಒಂದು ಸಾಫ್ಟ್‌ಬಾಲ್ ಕ್ಲಬ್ ಶುರುವಾಯಿತು. ಮುಕ್ಕಾಲು ಶತಮಾನ ಬಾಳಿದವರಿಗೆಂದೇ ಹುಟ್ಟಿದ ಕ್ಲಬ್ ಅದು. ‘ಕಿಡ್ಸ್ ಅಂಡ್ ಕಬ್ಸ್’ ಎಂದು ಹೆಸರಾದ ಆ ಅಜ್ಜಂದಿರ ಕಾಲದಿಂದ ಈಚೆಗೆ ಅಮೆರಿಕದಲ್ಲಿ ಹಿರಿಯರ ಸ್ಲೋ ಪಿಚ್ ಸಾಫ್ಟ್‌ಬಾಲ್ ಬಹಳ ಬೆಳೆದಿದೆ. 50 ದಾಟಿದವರಿಗೆ ಒಂದು ವಿಭಾಗ, 55ಕ್ಕೆ ಇನ್ನೊಂದು, ಹೀಗೆ ಐದೈದು ವರ್ಷಕ್ಕೊಂದರಂತೆ 80ರ ಆಚೆಗೂ ಪಟ್ಟಿ ಹೋಗುತ್ತದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಓದಲೋ ಕೆಲಸಕ್ಕೋ ಅಲ್ಲಿಗೆ ಹೋಗಿ ಈಗ ನಿವೃತ್ತರಾಗಿರುವ ಕನ್ನಡಿಗರಿಗೂ ಪಕ್ಕದ ಮನೆಯವರಿಂದ ಒಂದು ಕರೆ ಬರುವುದುಂಟು: ಬೆಳಿಗ್ಗೆ ಪಾರ್ಕಿಗೆ ಬನ್ನಿ, ತಂಡಕ್ಕೆ ಒಬ್ಬರು ಕಡಿಮೆ ಬಿದ್ದಿದ್ದಾರೆ. ಮೊದಮೊದಲು ಯಾರದೋ ಬ್ಯಾಟ್ ಹಿಡಿದು ಆಡಿದರೂ ನಡೆಯುತ್ತದೆ. ಸ್ವಂತದ್ದು ಬೇಕೆನಿಸಿ ಅಂಗಡಿಗೆ ಹೋದಾಗ ಕಣ್ಣು ಕುಕ್ಕುವ ಬಣ್ಣಗಳ, ಮೈತುಂಬಾ ಅಂಕಿ ಅಚ್ಚಾದ ಬ್ಯಾಟುಗಳ ಸಾಲು ಎದುರಾಗುತ್ತದೆ. ಒಳ್ಳೆಯದೊಂದಕ್ಕೆ ಸುಮಾರು 200ರಿಂದ 350 ಡಾಲರ್. ತಪ್ಪು ಬ್ಯಾಟ್ ತಂದರೆ ಅಷ್ಟೂ ದುಡ್ಡು ಗ್ಯಾರೇಜಿನ ಮೂಲೆ ಸೇರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸುಮಾರು 50 ಅಡಿ ದೂರದಿಂದ ಪಿಚರ್ ಕೈ ಕೆಳಗಿಟ್ಟು ಚೆಂಡನ್ನು ಮೇಲಕ್ಕೆ ಎಸೆಯುತ್ತಾನೆ. ಅದು ಕನಿಷ್ಠ 6 ಅಡಿ ಎತ್ತರದ ಕಮಾನಿನಲ್ಲಿ ಬಂದು ಇಳಿಯಬೇಕು. ಚೆಂಡಿನ ಸುತ್ತಳತೆ 12 ಇಂಚು. ಕಾಂಪೊಸಿಟ್ ಬ್ಯಾಟ್ ಎಂದರೆ ಕಾರ್ಬನ್ ಮತ್ತು ಗಾಜಿನ ನಾರುಗಳನ್ನು ರಾಳದಲ್ಲಿ ಅದ್ದಿ, ಪದರ ಪದರವಾಗಿ ಸುತ್ತಿ ಗಟ್ಟಿಯಾಗಿಸಿದ ಟೊಳ್ಳು ಕೊಳವೆ. ಚೆಂಡು ಬಡಿದಾಗ ಅದರ ಗೋಡೆ ಚೂರು ಒಳಕ್ಕೆ ಬಾಗಿ ಮತ್ತೆ ಚಿಮ್ಮುತ್ತದೆ. ಗೋಡೆ ಬಾಗಿದಷ್ಟೂ ಚೆಂಡು ಚಪ್ಪಟೆಯಾಗುವುದು ಕಡಿಮೆ, ಅದು ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ಅಲ್ಯೂಮಿನಿಯಂಗಿಂತ ಕಾಂಪೊಸಿಟ್ ದೂರ ಹೊಡೆಯುವ ಗುಟ್ಟು ಇಷ್ಟೇ.

ಹೆಜ್ಜೆ 1: ಬ್ಯಾಟಿಗಿಂತ ಮೊದಲು ನಿಯಮ

ಅಂಗಡಿಗೆ ಹೋಗುವ ಮುನ್ನ ನಿಮ್ಮ ಲೀಗಿನ ವ್ಯವಸ್ಥಾಪಕರನ್ನು ಎರಡು ಪ್ರಶ್ನೆ ಕೇಳಿ. ಯಾವ ಮುದ್ರೆಯ ಬ್ಯಾಟಿಗೆ ಅನುಮತಿ ಇದೆ? ಯಾವ ಚೆಂಡಿನಲ್ಲಿ ಆಡುತ್ತೀರಿ?

ಅಮೆರಿಕದಲ್ಲಿ ಈ ಆಟವನ್ನು ನಡೆಸುವ ಸಂಸ್ಥೆ ಒಂದೇ ಅಲ್ಲ. ಒಂದೊಂದರದೂ ಒಂದೊಂದು ಅಳತೆ. ಹಿರಿಯರ ದೊಡ್ಡ ಟೂರ್ನಿಗಳನ್ನು ನಡೆಸುವ ‘ಸೀನಿಯರ್ ಸಾಫ್ಟ್‌ಬಾಲ್ ಯುಎಸ್‌ಎ’ ತನ್ನ ಆಟಗಾರರಿಗೆ ‘ಬಿಪಿಎಫ್ 1.21’ ಎಂಬ ಮುದ್ರೆಯ ಬ್ಯಾಟುಗಳನ್ನು ಬಿಟ್ಟುಕೊಡುತ್ತದೆ. ಗಟ್ಟಿ ಗೋಡೆಗೆ ಬಡಿದ ಚೆಂಡು ಎಷ್ಟು ಪುಟಿಯುತ್ತದೋ ಅದಕ್ಕಿಂತ ಶೇ 21ರಷ್ಟು ಹೆಚ್ಚು ಪುಟಿತವನ್ನು ಈ ಬ್ಯಾಟ್ ಕೊಡಬಹುದು ಎಂಬುದು ಆ ಅಂಕಿಯ ಅರ್ಥ. ‘ಯುಎಸ್‌ಎ ಸಾಫ್ಟ್‌ಬಾಲ್’ ದಾರಿ ಬೇರೆ. 2017ಕ್ಕೆ ಮೊದಲು ಎಎಸ್‌ಎ ಎಂಬ ಹೆಸರಿದ್ದ ಈ ಸಂಸ್ಥೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಬ್ಯಾಟಿನಿಂದ ಹೊರಡುವ ಚೆಂಡಿನ ವೇಗಕ್ಕೇ ಗಂಟೆಗೆ 98 ಮೈಲಿಯ ಮಿತಿ ಹಾಕಿದೆ. ‘ಯುಎಸ್‌ಎಸ್‌ಎಸ್‌ಎ’ ಎಂಬ ಮತ್ತೊಂದು ಸಂಸ್ಥೆಯ ಮುದ್ರೆಯಲ್ಲಿ ಹೆಬ್ಬೆಟ್ಟಿನ ಗುರುತಿರುತ್ತದೆ, ಅದರ ಲೆಕ್ಕವೇ ಇನ್ನೊಂದು. ಇಲ್ಲಿ ಎಚ್ಚರ ಬೇಕು. ಆಡುವವರೆಲ್ಲ ಅರವತ್ತು ದಾಟಿದವರೇ ಆದರೂ ನಿಮ್ಮ ಊರಿನ ಪಾರ್ಕ್ ಲೀಗ್ 98 ಮೈಲಿಯ ನಿಯಮಕ್ಕೆ ಒಳಪಟ್ಟಿರಬಹುದು. ಹಾಗಿದ್ದರೆ ‘ಸೀನಿಯರ್’ ಎಂದು ದೊಡ್ಡದಾಗಿ ಬರೆದ ಬ್ಯಾಟನ್ನು ಅಂಪೈರ್ ಮೈದಾನದೊಳಕ್ಕೆ ಬಿಡುವುದಿಲ್ಲ.

ಚೆಂಡಿನ ಮೇಲೂ ಅಂಕಿಗಳಿರುತ್ತವೆ. ಹಿರಿಯರ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 44 ಮತ್ತು 375. ಮೊದಲನೆಯದು ಪುಟಿತ: ಗೋಡೆಗೆ ಬಡಿದ ವೇಗದ ಶೇ 44ರಷ್ಟರಲ್ಲಿ ಚೆಂಡು ಹಿಂದಿರುಗುತ್ತದೆ. ಎರಡನೆಯದು ಗಡಸುತನ: ಅದನ್ನು ಕಾಲು ಇಂಚು ಅಮುಕಲು 375 ಪೌಂಡ್, ಎಂದರೆ 170 ಕಿಲೋ ಭಾರ ಬೇಕು. ಯುಎಸ್‌ಎ ಸಾಫ್ಟ್‌ಬಾಲ್‌ನ 52/300 ಚೆಂಡು ಇದಕ್ಕಿಂತ ಮೆದು. ಒಂದು ಚೆಂಡಿಗೆಂದು ಮಾಡಿದ ಬ್ಯಾಟ್ ಇನ್ನೊಂದಕ್ಕೆ ಅಷ್ಟು ಒಗ್ಗುವುದಿಲ್ಲ.

1.21 ಬ್ಯಾಟಿನ ಹುಚ್ಚು ಹತ್ತುವ ಮೊದಲು ಪಿಚರ್‌ನನ್ನು ಒಮ್ಮೆ ನೆನೆಯಿರಿ. 98 ಮೈಲಿ ವೇಗದಲ್ಲಿ ನೇರವಾಗಿ ಹೊರಟ ಚೆಂಡು 50 ಅಡಿ ಕ್ರಮಿಸಲು ಮೂರನೇ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕು. ಅಲ್ಲಿ ನಿಂತಿರುವವರಿಗೂ ಎಪ್ಪತ್ತು ವರ್ಷ. ಮುಖಕವಚ, ಎದೆಗಾಪು ತೊಟ್ಟು ಪಿಚ್ ಮಾಡುವವರು ಹೆಚ್ಚುತ್ತಿರುವುದು ಸುಮ್ಮನೆ ಅಲ್ಲ. ಇಷ್ಟಕ್ಕೂ ಹಲವು ವಿಭಾಗಗಳಲ್ಲಿ ಬೇಲಿ ದಾಟಿಸುವ ಹೋಮ್ ರನ್ನುಗಳಿಗೆ ಮಿತಿ ಇದೆ; ಮಿತಿ ಮೀರಿದ ಮೇಲೆ ಹೊಡೆದದ್ದು ಔಟ್ ಎಂದೇ ಲೆಕ್ಕ. ಬೇಲಿ ದಾಟಿಸಲೆಂದೇ ದುಬಾರಿ ಬ್ಯಾಟ್ ಕೊಳ್ಳುವವರಿಗೆ ಅಂಗಡಿಯವರು ಇದನ್ನು ಹೇಳುವುದು ನಾನು ಕೇಳಿಲ್ಲ.

ಹೆಜ್ಜೆ 2: ತೂಕ, ಅದಕ್ಕಿಂತ ಮುಖ್ಯವಾಗಿ ಬೀಸುಭಾರ

ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ಲೋ ಪಿಚ್ ಬ್ಯಾಟುಗಳು ಬಹುಪಾಲು 34 ಇಂಚು. ನಿಯಮದ ಮಿತಿಯೂ ಅದೇ. ಆಯ್ಕೆ ಇರುವುದು ತೂಕದಲ್ಲಿ, 25ರಿಂದ 30 ಔನ್ಸ್‌ವರೆಗೆ. ಗ್ರಾಂ ಲೆಕ್ಕದಲ್ಲಿ ಸುಮಾರು 710ರಿಂದ 850.

ಕ್ರಿಕೆಟ್ ಆಡಿ ಬೆಳೆದ ನಮ್ಮವರು ಎಡವುವುದು ಇಲ್ಲೇ. ಕ್ರಿಕೆಟ್ ಬ್ಯಾಟ್ ಸಾಮಾನ್ಯವಾಗಿ 1,100 ಗ್ರಾಂ ಮೀರುತ್ತದೆ. ಆ ರೂಢಿಯ ಕೈಗೆ 26 ಔನ್ಸಿನ ಬ್ಯಾಟ್ ಆಟಿಕೆಯಂತೆ ಕಂಡು, ಸೀದಾ 30 ಔನ್ಸಿನದಕ್ಕೆ ಕೈ ಹೋಗುತ್ತದೆ. ಆದರೆ ಕ್ರಿಕೆಟ್‌ನಲ್ಲಿ ವೇಗವಾಗಿ ಬರುವ ಚೆಂಡಿಗೆ ಬ್ಯಾಟ್ ಒಡ್ಡಿದರೂ ಅದು ಓಡುತ್ತದೆ. ಇಲ್ಲಿ ಆಕಾಶದಿಂದ ನಿಧಾನವಾಗಿ ಇಳಿಯುವ ಚೆಂಡಿನಲ್ಲಿ ಎರವಲು ಪಡೆಯಲು ವೇಗವೇ ಇಲ್ಲ. ಚೆಂಡು ದೂರ ಹೋಗಬೇಕಾದರೆ ಹೆಚ್ಚುಕಡಿಮೆ ಎಲ್ಲ ವೇಗವನ್ನೂ ನಿಮ್ಮ ಸೊಂಟ, ಭುಜ, ಮಣಿಕಟ್ಟುಗಳೇ ಕೊಡಬೇಕು. ಭಾರದ ಬ್ಯಾಟನ್ನು ನಿಧಾನವಾಗಿ ಬೀಸುವುದಕ್ಕಿಂತ ಹಗುರವಾದದ್ದನ್ನು ಬೇಗ ಬೀಸಿದರೆ ಹಿರಿಯರಿಗೆ ಲಾಭ ಹೆಚ್ಚು. ಚೆಂಡನ್ನು ಕೊನೆಯ ಗಳಿಗೆಯವರೆಗೆ ನೋಡಿ ಬೀಸಲೂ ಸಮಯ ಸಿಗುತ್ತದೆ.

ಬ್ಯಾಟಿನ ಮೇಲೆ ಅಚ್ಚಾದ ತೂಕ ಅರ್ಧ ಸತ್ಯ. ಅದೇ 27 ಔನ್ಸಿನ ಎರಡು ಬ್ಯಾಟುಗಳಲ್ಲಿ ಒಂದರ ಭಾರ ಮೈಯುದ್ದಕ್ಕೂ ಹಂಚಿಹೋಗಿರುತ್ತದೆ. ಇದನ್ನು ‘ಬ್ಯಾಲೆನ್ಸ್ಡ್’ ಎನ್ನುತ್ತಾರೆ. ಇನ್ನೊಂದರ ತುದಿಯಲ್ಲಿ ಅರ್ಧ ಔನ್ಸೋ ಒಂದು ಔನ್ಸೋ ಹೆಚ್ಚುವರಿ ಭಾರ ಕೂತಿರುತ್ತದೆ. ಅದು ‘ಎಂಡ್ ಲೋಡ್’. ತಕ್ಕಡಿಗೆ ಎರಡೂ ಒಂದೇ, ತೋಳಿಗೆ ಒಂದೇ ಅಲ್ಲ. ಪ್ರಯೋಗಾಲಯಗಳಲ್ಲಿ ಹಿಡಿಯ ಕೆಳತುದಿಯಲ್ಲಿರುವ ಗುಬ್ಬಿಯಿಂದ (ನಾಬ್) 6 ಇಂಚು ಮೇಲಿನ ಬಿಂದುವಿನಲ್ಲಿ ಬ್ಯಾಟನ್ನು ತೂಗಾಡಿಸಿ ಈ ಬೀಸುಭಾರವನ್ನು ಅಳೆಯುತ್ತಾರೆ. ಆ ಬಿಂದುವಿನಿಂದ ಭಾರ ಎರಡು ಪಟ್ಟು ದೂರ ಸರಿದರೆ ಬೀಸಲು ಅಡ್ಡಿಯಾಗುವ ಜಡತೆ ನಾಲ್ಕು ಪಟ್ಟಾಗುತ್ತದೆ. ತುದಿಯ ಅರ್ಧ ಔನ್ಸ್ ಅಷ್ಟು ಕಾಡುವುದು ಇದಕ್ಕೇ.

ನಮಗೆ ಪ್ರಯೋಗಾಲಯ ಬೇಡ, ತೋರುಬೆರಳು ಸಾಕು. ಒಂದೇ ತೂಕದ ಎರಡು ಬ್ಯಾಟುಗಳನ್ನು ಕೇಳಿ ಪಡೆಯಿರಿ. ಒಂದನ್ನು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು, ಅತ್ತಿತ್ತ ವಾಲದೆ ನಿಲ್ಲುವ ಜಾಗ ಹುಡುಕಿ, ಅಲ್ಲಿಗೊಂದು ಕಾಗದದ ಚೀಟಿ ಅಂಟಿಸಿ. ಇನ್ನೊಂದಕ್ಕೂ ಹಾಗೇ ಮಾಡಿ. ಗುಬ್ಬಿಗಳನ್ನು ಸರಿಸಮ ಇಟ್ಟು ಪಕ್ಕಪಕ್ಕ ಮಲಗಿಸಿದರೆ, ಚೀಟಿ ತುದಿಯ ಕಡೆಗೆ ಸರಿದಿರುವುದೇ ಸಾಮಾನ್ಯವಾಗಿ ಬೀಸಲು ಭಾರ. ಆಮೇಲೆ ಹಿಡಿಯ ಕೆಳತುದಿಯನ್ನು ಒಂದೇ ಕೈಯಲ್ಲಿ ಹಿಡಿದು, ತೋಳನ್ನು ಭುಜದ ಮಟ್ಟಕ್ಕೆ ನೇರ ಚಾಚಿ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಅಷ್ಟರೊಳಗೆ ತುದಿ ನಡುಗಿ ಕೆಳಗೆ ಬಾಗಿದರೆ ಆ ಬ್ಯಾಟ್ ನಿಮ್ಮದಲ್ಲ. ಭುಜದ ನೋವಿರುವವರು ಈ ಪರೀಕ್ಷೆಗೆ ಕೈ ಹಾಕದೆ ಹಗುರವಾದದ್ದನ್ನೇ ಆರಿಸಿಕೊಳ್ಳಲಿ.

ನನ್ನನ್ನು ಕೇಳಿದರೆ, ಅರವತ್ತು ದಾಟಿ ಹೊಸದಾಗಿ ಆಡುವವರು 25 ಅಥವಾ 26 ಔನ್ಸಿನ ಬ್ಯಾಲೆನ್ಸ್ಡ್ ಬ್ಯಾಟಿನಿಂದ ಶುರು ಮಾಡುವುದು ಒಳ್ಳೆಯದು. ಟೂರ್ನಿಯಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಬರುತ್ತವೆ. ಬೆಳಗಿನ ಮೊದಲ ಪಂದ್ಯದಲ್ಲಿ 28 ಔನ್ಸ್ ಹಾಯಾಗಿಯೇ ಇರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ಬ್ಯಾಟ್ ಅರ್ಧ ಗಳಿಗೆ ತಡವಾಗಿ ಬರುತ್ತದೆ. ದಿನದ ಕೊನೆಯ ಪಂದ್ಯದ ತೋಳನ್ನು ಲೆಕ್ಕಕ್ಕೆ ಇಟ್ಟುಕೊಂಡು ಕೊಳ್ಳಿ.

ಹೆಜ್ಜೆ 3: ಮೈ ಮತ್ತು ಹಿಡಿ

ಹೊಡೆಯುವ ದಪ್ಪ ಭಾಗಕ್ಕೆ ಬ್ಯಾರಲ್ ಎನ್ನುತ್ತಾರೆ. ಅದರ ಅಡ್ಡಳತೆ ಎರಡೂಕಾಲು ಇಂಚು ಮೀರುವಂತಿಲ್ಲ. ಉದ್ದ ಮಾತ್ರ 12ರಿಂದ 14 ಇಂಚಿನವರೆಗೆ ಬದಲಾಗುತ್ತದೆ. ಉದ್ದದ ಬ್ಯಾರಲಿನಲ್ಲಿ ಚೆಂಡು ತುಸು ಆಚೀಚೆ ತಗುಲಿದರೂ ನಷ್ಟ ಕಡಿಮೆ. ಕಣ್ಣು ಮತ್ತು ಕೈಯ ಹೊಂದಾಣಿಕೆ ಮೊದಲಿನಂತಿಲ್ಲ ಎನ್ನುವವರಿಗೆ ಇದು ಅನುಕೂಲ.

ಬೆರಳುಗಳಲ್ಲಿ ಸಂಧಿವಾತ ಇದ್ದರೆ ಎರಡು ತುಂಡು ಜೋಡಿಸಿದ ಬ್ಯಾಟ್ ನೋಡಿ. ಹಿಡಿಯೂ ಬ್ಯಾರಲೂ ಸೇರುವ ಕಡೆ ಕೊಂಚ ಬಾಗುವುದರಿಂದ, ತಪ್ಪಾಗಿ ತಗುಲಿದಾಗ ಅಂಗೈಗೆ ಏರುವ ಜುಮ್ಮೆನ್ನುವ ನಡುಕ ಅಲ್ಲೇ ಬಹುಪಾಲು ಅಡಗುತ್ತದೆ. ಒಂದೇ ತುಂಡಿನ ಬ್ಯಾಟ್ ಹೆಚ್ಚು ಬಿಗಿ. ಕೆಲವರಿಗೆ ಅದೇ ಇಷ್ಟ. ಹಿಡಿ ತೆಳುವೆನಿಸಿದರೆ ಮೇಲೊಂದು ಸುತ್ತು ಗ್ರಿಪ್ ಟೇಪ್ ಸುತ್ತಿಸಿ, ಮುಷ್ಟಿ ಪೂರ್ತಿ ಬಿಗಿಯುವ ಕಷ್ಟ ತಪ್ಪುತ್ತದೆ.

ಹೆಜ್ಜೆ 4: ಅಗ್ಗದ ಹಳೆಯ ಬ್ಯಾಟಿನ ಆಸೆ

ಹಿಂದಿನ ವರ್ಷದ ಮಾದರಿಯನ್ನು ರಿಯಾಯಿತಿಯಲ್ಲಿ ಕೊಳ್ಳುವುದು ಜಾಣತನ. ವರ್ಷಕ್ಕೆ ವರ್ಷ ಬದಲಾಗುವುದು ಎಷ್ಟೋ ಸಲ ಬಣ್ಣ ಮಾತ್ರ. ಅಪರಿಚಿತರಿಂದ ಬಳಸಿದ ಬ್ಯಾಟ್ ಕೊಳ್ಳುವುದು ಬೇರೆ ಮಾತು. ಕೆಲವರು ತುದಿಯ ಮುಚ್ಚಳ ಕಿತ್ತು, ಒಳಗೋಡೆಯನ್ನು ಯಂತ್ರದಲ್ಲಿ ಹೆರೆದು ತೆಳುವಾಗಿಸಿ ಮತ್ತೆ ಮುಚ್ಚುತ್ತಾರೆ. ಇನ್ನು ಕೆಲವರು ಎರಡು ಉರುಳೆಗಳ ನಡುವೆ ಬ್ಯಾರಲನ್ನು ಒತ್ತಿ ಉರುಳಿಸಿ ನಾರುಗಳನ್ನು ಮೊದಲೇ ಸಡಿಲಗೊಳಿಸುತ್ತಾರೆ. ಎರಡೂ ನಿಯಮಬಾಹಿರ, ಎದುರು ನಿಂತವರಿಗೆ ಅಪಾಯ. ಮುಚ್ಚಳದ ಅಂಚಿನಲ್ಲಿ ಅಂಟು ಉಕ್ಕಿದ್ದರೆ, ಗೀರುಗಳಿದ್ದರೆ, ಅಲುಗಾಡಿಸಿದಾಗ ಒಳಗೆ ಏನೋ ಗಲಗಲ ಎಂದರೆ ಕೊಳ್ಳಬೇಡಿ. ಗಲಗಲ ಎನ್ನುವುದು ಕೆಲವೊಮ್ಮೆ ಕಳಚಿದ ರಾಳದ ಚೂರಷ್ಟೇ ಆಗಿರುತ್ತದೆ, ಆದರೆ ಅದನ್ನು ತಿಳಿಯಲು ನಿಮ್ಮ ದುಡ್ಡು ಏಕೆ ಹೋಗಬೇಕು? ಕೆಲವು ಟೂರ್ನಿಗಳಲ್ಲಿ ಮೈದಾನದಲ್ಲೇ ಬ್ಯಾರಲನ್ನು ಅಮುಕಿ ಅಳೆಯುವ ಸಾಧನ ಇಟ್ಟಿರುತ್ತಾರೆ. ಮಿತಿಗಿಂತ ಮೆದುವಾದ ಬ್ಯಾಟ್ ಅಲ್ಲೇ ಹೊರಗೆ.

ಹೆಜ್ಜೆ 5: ಪಳಗಿಸುವುದು, ಕಾಪಾಡುವುದು

ಹೊಸ ವಿಲ್ಲೋ ಬ್ಯಾಟಿಗೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಹದ ಮಾಡಿದ ನೆನಪು ನಿಮಗಿದ್ದರೆ ಈ ಕೆಲಸ ಹೊಸದಲ್ಲ. ಹೊಸ ಕಾಂಪೊಸಿಟ್ ಮೊದಲ ದಿನವೇ ಪೂರ್ತಿ ಚಿಮ್ಮುವುದಿಲ್ಲ. ‘ಟೀ’ ಎಂಬ ನಿಲುಗಂಬದ ಮೇಲೆ ಚೆಂಡು ಇಟ್ಟೋ, ಪಕ್ಕದಿಂದ ಯಾರಾದರೂ ಮೆಲ್ಲಗೆ ಎಸೆದದ್ದನ್ನೋ 150ರಿಂದ 200 ಬಾರಿ ಹೊಡೆಯಬೇಕು. ಮೊದಲ ಐವತ್ತು ಅರ್ಧ ಬಲದಲ್ಲಿ, ಆಮೇಲೆ ಬಲ ಏರಿಸುತ್ತಾ. ಪ್ರತಿ ಹೊಡೆತಕ್ಕೂ ಬ್ಯಾಟನ್ನು ಅಂಗೈಯಲ್ಲಿ ಚೂರು ತಿರುಗಿಸಿ, ಬ್ಯಾರಲಿನ ಸುತ್ತಲೂ ಸಮನಾಗಿ ಹದವಾಗುತ್ತದೆ. ಒಂದೇ ದಿನ ಮುಗಿಸುವ ಹಟ ಬೇಡ, ಮೊಣಕೈ ಕೇಳುವುದಿಲ್ಲ. ಆಟದ ನಿಜವಾದ ಚೆಂಡನ್ನೇ ಬಳಸಿ. ಅಭ್ಯಾಸದ ಪಂಜರಗಳಲ್ಲಿ ಯಂತ್ರ ಎಸೆಯುವ ಗುಳಿಗುಳಿ ಮೈಯ ರಬ್ಬರ್ ಚೆಂಡುಗಳು ಕಾಂಪೊಸಿಟ್‌ಗೆ ಶತ್ರು.

ಚಳಿಯೂ ಶತ್ರುವೇ. ತಾಪಮಾನ 60 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 15 ಸೆಲ್ಸಿಯಸ್‌ಗಿಂತ ಇಳಿದಾಗ ಚೆಂಡು ಕಲ್ಲಾಗುತ್ತದೆ, ರಾಳ ಪೆಡಸಾಗುತ್ತದೆ. ಷಿಕಾಗೊ, ನ್ಯೂಜೆರ್ಸಿ ಕಡೆ ಏಪ್ರಿಲ್ ಮುಂಜಾವಿನಲ್ಲಿ ಆಡುವವರು ಹಳೆಯ ಅಲ್ಯೂಮಿನಿಯಂ ಬ್ಯಾಟೊಂದನ್ನು ಜೊತೆಗಿಟ್ಟುಕೊಳ್ಳುವುದು ಲೇಸು. ಅರಿಜೋನಾದವರಿಗೆ ತೊಂದರೆ ಉಲ್ಟಾ: ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬ್ಯಾಟ್ ಬಿಡಬೇಡಿ.

ಪ್ರತಿ ಪಂದ್ಯದ ನಂತರ ಬ್ಯಾರಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಮೇಲಿನ ಬಣ್ಣದಲ್ಲಿ ಜೇಡರ ಬಲೆಯಂಥ ಸಣ್ಣ ಗೆರೆಗಳು ಬರುವುದು ಸಹಜ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಬಂದರೆ, ಹೊಡೆದಾಗ ಸದ್ದು ಒಡಕಾದರೆ ಬ್ಯಾಟ್ ಸೀಳಿದೆ ಎಂದರ್ಥ. ತಯಾರಕರು ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ ಕೊಡುತ್ತಾರೆ; ಅಧಿಕೃತ ಅಂಗಡಿಯ ಬಿಲ್ ಇಲ್ಲದಿದ್ದರೆ ಅದು ಸಿಗುವುದು ಕಷ್ಟ. ಆದ್ದರಿಂದ ಬಿಲ್ಲಿನ ಚಿತ್ರವನ್ನು ಕೊಂಡ ದಿನವೇ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಸೀಳಿದ ಬ್ಯಾಟಿಗೆ ಟೇಪ್ ಸುತ್ತಿ ಇನ್ನೊಂದು ಪಂದ್ಯ ಆಡಿಬಿಡೋಣ ಎಂದುಕೊಂಡರೆ ಅಂಪೈರ್ ಬಿಡುವುದಿಲ್ಲ.